ನನಗೆ ‘ಬಾ’, ಪಕ್ಕದವನಿಗೆ ‘ಹೋಗು’: ಜರ್ಮನಿಯಲ್ಲಿ ಇರುವವರು ಏನಂತೀರಿ?

ಹಾವೇರಿ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ನಾನು ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ನರ್ಸ್. ಬಂದು ನಾಲ್ಕು ವರ್ಷ ಆಯ್ತು. ನಮ್ಮ ಮಹಡಿಯಲ್ಲಿ 32 ಜನ ಹಿರಿಯರಿದ್ದಾರೆ. ನೈಟ್ ಡ್ಯೂಟಿಗೆ ನಾವಿಬ್ಬರೇ, ನಾನು ಮತ್ತೆ ಇರಾಕಿನಿಂದ ಬಂದ ಒಬ್ಬ ಹುಡುಗ. ಅವನು ಒಂದು ವರ್ಷದ ಸಹಾಯಕರ ತರಬೇತಿ ಮುಗಿಸಿದ್ದಾನೆ. ಅವನ ಜರ್ಮನ್ ನನಗಿಂತ ಚೆನ್ನಾಗಿದೆ. ಇಲ್ಲಿನ ಅಜ್ಜಂದಿರು ಊರಿನ ಭಾಷೆಯಲ್ಲಿ ಗೊಣಗಿದರೆ ನನಗೆ ಅರ್ಥ ಆಗಲ್ಲ, ಅವನೇ ಬಿಡಿಸಿ ಹೇಳುತ್ತಾನೆ.

ಅವನ ಆಸೈಲಂ (ಆಶ್ರಯ) ಅರ್ಜಿ ತಿರಸ್ಕಾರ ಆಗಿದೆ. ಕೋರ್ಟಿನಲ್ಲೂ ಸೋತಿದ್ದಾನೆ. ಈಗ ಕೈಯಲ್ಲಿ ಇರೋದು ‘ಡುಲ್ಡುಂಗ್’. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ವೀಸಾ ಅಲ್ಲ. ‘ಸದ್ಯಕ್ಕೆ ನಿನ್ನನ್ನು ಹೊರಗೆ ಹಾಕಿಲ್ಲ’ ಅನ್ನುವ ಕಾಗದ. ಮೊನ್ನೆ ಊಟದ ಬಿಡುವಿನಲ್ಲಿ ಮಡಿಸಿಟ್ಟಿದ್ದನ್ನು ಬಿಡಿಸಿ ತೋರಿಸಿದ. ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ, ನಾವು ಸ್ಕೂಲಲ್ಲಿ ತಪ್ಪು ಲೆಕ್ಕಕ್ಕೆ ಹೊಡೆಸಿಕೊಳ್ಳುತ್ತಿದ್ದೆವಲ್ಲ, ಹಾಗೇ. ‘ಇದು ವಾಸದ ಪರವಾನಗಿ ಅಲ್ಲ, ಇದನ್ನು ಹಿಡಿದವರು ದೇಶ ಬಿಡಬೇಕಾದವರು’ ಅಂತ ಅದರಲ್ಲೇ ಅಚ್ಚು ಹಾಕಿದ್ದಾರೆ.

ನಮ್ಮ ಆಶ್ರಮದವರು ಅವನಿಗೆ ಮೂರು ವರ್ಷದ ಪೂರ್ತಿ ನರ್ಸಿಂಗ್ ತರಬೇತಿಗೆ ಒಪ್ಪಂದ ಮಾಡಿ ಸಹಿ ಹಾಕಿ ಕೊಟ್ಟಿದ್ದಾರೆ. ತರಬೇತಿಗೆ ಸೇರಿದರೆ ಅಷ್ಟು ದಿನ ಇಲ್ಲಿ ಇರಬಹುದು ಅಂತ ಕಾನೂನು ಕೂಡ ಇದೆ. ಆದರೆ ವಿದೇಶಿಯರ ಕಚೇರಿಯಲ್ಲಿ ‘ಮೊದಲು ಪಾಸ್‌ಪೋರ್ಟ್ ತಾ, ನೀನು ಯಾರು ಅಂತ ಸಾಬೀತಾಗಲಿ’ ಅನ್ನುತ್ತಾರೆ.

ಅದೇ ಕಚೇರಿಗೆ ನಾನೂ ಹೋಗಬೇಕು. ಅದೇ ಕಾರಿಡಾರ್, ಅದೇ ಸಾಲು ಕುರ್ಚಿ. ನನ್ನ ಪರ್ಮಿಟ್ ಮುಗಿದು ಹೊಸದು ಇನ್ನೂ ಬಂದಿಲ್ಲ, ಅದಕ್ಕೆ ‘ಫಿಕ್ಷನ್ಸ್‌ಬೆಶೈನಿಗುಂಗ್’ ಅಂತ ಕೊಟ್ಟಿದ್ದಾರೆ. ಅಮ್ಮನಿಗೆ ಫೋನಿನಲ್ಲಿ ಆ ಹೆಸರು ಓದಿ ಹೇಳಿದರೆ ‘ಫಿಕ್ಷನ್ ಅಂದ್ರೆ ಕಟ್ಟುಕತೆ ಅಲ್ವೇನೇ?’ ಅಂದಳು. ಹೌದಮ್ಮಾ, ನಾನಿಲ್ಲಿ ಕಟ್ಟುಕತೆಯ ಮೇಲೆ ಬದುಕುತ್ತಿದ್ದೇನೆ.

2024ರ ಅಕ್ಟೋಬರಿನಲ್ಲಿ ಚಾನ್ಸಲರ್ ಶೋಲ್ಜ್ ದೆಹಲಿಗೆ ಬಂದಾಗ, ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾವನ್ನು 90,000ಕ್ಕೆ ಏರಿಸುತ್ತೇವೆ ಅಂದಿದ್ದರು. ಅಂದರೆ ಸುಮಾರು ಏಳು ಸಾವಿರ ಕಿಲೋಮೀಟರ್ ಆಚೆ ಇದ್ದ ನನ್ನನ್ನು ಕರೆಸಿ, ಭಾಷೆ ಕಲಿಸಿ, ಕೂರಿಸಿದ್ದಾರೆ. ಇಲ್ಲೇ ಇದ್ದು, ಭಾಷೆ ಬಂದು, ಕೆಲಸವೂ ಗೊತ್ತಿರುವವನನ್ನು ಕಳಿಸುತ್ತಾರೆ. ಅವನು ಹೋದರೆ ಅವನ ಜಾಗಕ್ಕೆ ಮತ್ತೆ ಹಾವೇರಿಯಿಂದಲೋ ಕೊಟ್ಟಾಯಂನಿಂದಲೋ ಇನ್ನೊಬ್ಬರನ್ನು ಕರೆಸಬೇಕು. ಇದರಲ್ಲಿ ಲೆಕ್ಕ ಏನಿದೆ? ನಿಜವಾಗಿ ಕೇಳುತ್ತಿದ್ದೇನೆ.

ಸ್ಟುಟ್‌ಗಾರ್ಟ್ ಗೌಡ

ಅಕ್ಕಾ, ಹುಡುಗ ಒಳ್ಳೆಯವನೇ ಇರಬಹುದು, ಆದರೂ ನೇರವಾಗಿ ಹೇಳುತ್ತೇನೆ. ಆಸೈಲಂ ಬೇರೆ, ಕೆಲಸದ ವೀಸಾ ಬೇರೆ. ಒಂದು ಪ್ರಾಣಭಯಕ್ಕೆ, ಇನ್ನೊಂದು ಹೊಟ್ಟೆಪಾಡಿಗೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ.

ನಾನು ಬ್ಲೂ ಕಾರ್ಡಿನಲ್ಲಿ, ಅಂದರೆ ಡಿಗ್ರಿ ಇರುವವರ ಕೆಲಸದ ಪರ್ಮಿಟ್‌ನಲ್ಲಿ, ಬಂದವನು. ಡಿಗ್ರಿ ತೋರಿಸು, ಕಾಲೇಜು ಅವರ ಪಟ್ಟಿಯಲ್ಲಿ ಇದೆಯಾ ನೋಡು, ಸಂಬಳ ಇಷ್ಟು ಮೀರಬೇಕು (2025ಕ್ಕೆ ವರ್ಷಕ್ಕೆ 48,300 ಯೂರೋ), ಬೆಂಗಳೂರಲ್ಲಿ ಅಪಾಯಿಂಟ್‌ಮೆಂಟ್‌ಗೆ ಕಾಯಿ. ಎಲ್ಲ ಮಾಡಿದೆ. ಕಳ್ಳ ಏಜೆಂಟನಿಗೆ ದುಡ್ಡು ಕೊಟ್ಟು ಗಡಿ ದಾಟಿ ಬಂದು, ಅರ್ಜಿ ತಿರಸ್ಕಾರ ಆದ ಮೇಲೆ ‘ನಾನು ಕೆಲಸಗಾರ’ ಅಂದರೆ ಅದೇ ಕಾರ್ಡ್ ಸಿಗುವ ಹಾಗಿದ್ದರೆ, ಸಾಲಲ್ಲಿ ನಿಂತವರು ಏನು ದಡ್ಡರಾ? ನಾಳೆ ಯಾರು ಸಾಲಲ್ಲಿ ನಿಲ್ಲುತ್ತಾರೆ?

2015ರಲ್ಲಿ ಸುಮಾರು 9 ಲಕ್ಷ ಜನ ಬಂದರು. ‘ನಮ್ಮಿಂದ ಆಗುತ್ತದೆ’ ಅಂತ ಆಗಿನ ಚಾನ್ಸಲರ್ ಮರ್ಕೆಲ್ ಹೇಳಿದರು, ಸಂತೋಷ. ಆದರೆ ಮನೆ, ಶಾಲೆ, ಭಾಷೆಯ ಕ್ಲಾಸು ಎಲ್ಲದರ ಭಾರ ಬಿದ್ದದ್ದು ಊರೂರಿನ ಪಂಚಾಯಿತಿಗಳ ಮೇಲೆ. 2024ರ ಆಗಸ್ಟಿನಲ್ಲಿ ಜೋಲಿಂಗೆನ್‌ನಲ್ಲಿ ಏನಾಯ್ತು ನೆನಪಿದೆಯಾ? ಊರ ಹಬ್ಬದಲ್ಲಿ ಚಾಕು ಹಾಕಿ ಮೂವರನ್ನು ಕೊಂದವನನ್ನು ಅದರ ಹಿಂದಿನ ವರ್ಷವೇ ಬಲ್ಗೇರಿಯಾಗೆ ವಾಪಸ್ ಕಳಿಸಬೇಕಿತ್ತು. ಕಳಿಸಲಿಲ್ಲ. ಸೆಪ್ಟೆಂಬರ್ 16ರಿಂದ ಎಲ್ಲ ಗಡಿಯಲ್ಲೂ ತಪಾಸಣೆ ಶುರುವಾಯ್ತು. 2025ರ ಫೆಬ್ರವರಿ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸುವ ಎಎಫ್‌ಡಿ ಪಕ್ಷಕ್ಕೆ ಶೇ 20.8 ಮತ. ಕಾನೂನು ಸಡಿಲ ಬಿಟ್ಟರೆ ಕೊನೆಗೆ ಪೆಟ್ಟು ಬೀಳೋದು ನಮ್ಮ ನಿಮ್ಮಂಥವರ ಮೇಲೇ. ರಸ್ತೆಯಲ್ಲಿ ಬೈಯುವವನು ಬ್ಲೂ ಕಾರ್ಡ್ ಇದೆಯಾ ಅಂತ ಕೇಳಿ ಬೈಯಲ್ಲ.

ಎರಡು ಸಾವಿರದ ಹಳಬ

ಗೌಡ್ರೇ, ಆ ಕೊನೆಯ ಮಾತು ಸರಿ. ಅದಕ್ಕೇ ಒಂದು ಹಳೇ ಕತೆ ಹೇಳುತ್ತೇನೆ, ಆಗ ನೀವು ಹೈಸ್ಕೂಲಲ್ಲಿ ಇದ್ದಿರಬೇಕು.

2000ದ ಫೆಬ್ರವರಿ. ಹ್ಯಾನೋವರಿನ ಕಂಪ್ಯೂಟರ್ ಮೇಳದಲ್ಲಿ ಚಾನ್ಸಲರ್ ಶ್ರೋಡರ್ ‘ನಮಗೆ ಐಟಿ ಜನ ಸಾಲುತ್ತಿಲ್ಲ, ಹೊರಗಿನಿಂದ ಕರೆಸುತ್ತೇವೆ’ ಅಂತ ‘ಗ್ರೀನ್ ಕಾರ್ಡ್’ ಘೋಷಿಸಿದರು. ಒಟ್ಟು 20,000 ಜನಕ್ಕೆ, ಐದು ವರ್ಷಕ್ಕೆ ಮಾತ್ರ. ಆಗ ನಾನು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ರೂಮ್ ಬಾಡಿಗೆಗೆ ಹಿಡಿದು ಕೋಡ್ ಬರೆಯುತ್ತಿದ್ದೆ. ನಮ್ಮ ಗುಂಪಿನಲ್ಲಿ ಎಂಟು ಜನ ಅರ್ಜಿಯ ಮಾತಾಡಿದೆವು. ಬಂದವನು ನಾನೊಬ್ಬನೇ, ಉಳಿದವರೆಲ್ಲ ಅಮೆರಿಕಕ್ಕೆ ಹೋದರು.

ಯಾಕೆ ಅಂದರೆ, ಅದೇ ವರ್ಷ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆ. ಸಿಡಿಯು ಪಕ್ಷದ ರುಟ್‌ಗರ್ಸ್ ಹೆಸರಿಗೆ ಅಂಟಿದ ಘೋಷಣೆ ‘ಕಿಂಡರ್ ಶ್ಟಾಟ್ ಇಂಡರ್’. ಇಂಡಿಯನ್ನರ ಬದಲು ಮಕ್ಕಳು ಅಂತ. ಜರ್ಮನ್‌ನಲ್ಲಿ ಪ್ರಾಸ ಬೇರೆ ಚೆನ್ನಾಗಿ ಕೂರುತ್ತದೆ, ದರಿದ್ರ. ಆ ಮನುಷ್ಯ ಎರಡು ವರ್ಷದ ಹಿಂದಿನ ತನಕ ಇಡೀ ದೇಶದ ಶಿಕ್ಷಣ ಮಂತ್ರಿ. ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕಾಗಿದ್ದವರು ಯಾರು ಅಂತ ಆಗ ಇಲ್ಲಿಯವರೇ ಕೇಳಿದರು. ಆ ಸಲ ಸೋತರು. ಐದು ವರ್ಷ ಬಿಟ್ಟು ಅದೇ ರಾಜ್ಯದ ಮುಖ್ಯಮಂತ್ರಿ ಆದರು, ಅದು ಬೇರೆ ಮಾತು.

ನೋಡಿ, ಆಗ ನಮ್ಮಲ್ಲಿ ಯಾರೂ ಆಶ್ರಯ ಕೇಳಿ ಬಂದವರಲ್ಲ. ಬಾ ಅಂತ ಕರೆಸಿಕೊಂಡವರು. ಸಂಬಳವೂ ಚೆನ್ನಾಗಿತ್ತು. ಆದರೂ ಚುನಾವಣೆಗೆ ಸರಕಾದೆವು. ಆ 20,000 ಕಾರ್ಡ್ ಕೊನೆಗೂ ಪೂರ್ತಿ ಖರ್ಚಾಗಲಿಲ್ಲ.

ಅದಕ್ಕೂ ಹಿಂದಿನದು ಇನ್ನೂ ಇದೆ. 1955ರಲ್ಲಿ ಇಟಲಿಯಿಂದ, 1961ರಲ್ಲಿ ಟರ್ಕಿಯಿಂದ ಕಾರ್ಖಾನೆಗೆ, ಗಣಿಗೆ ಜನ ಕರೆಸಿದರು. ಹೆಸರು ‘ಅತಿಥಿ ಕೆಲಸಗಾರರು’. ಅತಿಥಿ ಅಂದರೆ ಎದ್ದು ಹೋಗಬೇಕು ಅಂತ ಲೆಕ್ಕ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ನೇಮಕ ನಿಲ್ಲಿಸಿದರು. ಹೋದರೆ ಮತ್ತೆ ಬರಕ್ಕಾಗಲ್ಲ ಅಂತ ಗೊತ್ತಾದ ತಕ್ಷಣ ಸುಮಾರು ಜನ ಹೆಂಡತಿ ಮಕ್ಕಳನ್ನೂ ಕರೆಸಿಕೊಂಡು ಇಲ್ಲೇ ನೆಲೆಸಿದರು. ಬಾಗಿಲು ಮುಚ್ಚಿದ್ದರಿಂದಲೇ ಒಳಗಿದ್ದವರು ಉಳಿದುಕೊಂಡರು. ಇದು ಯಾವ ಮಂತ್ರಿಯ ತಲೆಗೂ ಹೊಳೆದಿರಲಿಲ್ಲ ಅಂತ ಕಾಣುತ್ತೆ.

ಬಸವನಗುಡಿ ಬಿ1

ಸಾರ್, ಮೇಡಂ, ಮಧ್ಯದಲ್ಲಿ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಮೆಕ್ಯಾನಿಕಲ್ ಎಂಜಿನಿಯರ್, ಮೂರು ವರ್ಷ ಅನುಭವ, ಜರ್ಮನ್ ಬಿ1 (ಭಾಷೆಯ ಮಧ್ಯದ ಹಂತ) ಮುಗಿಸಿದ್ದೇನೆ. ಚಾನ್ಸೆನ್‌ಕಾರ್ಟೆ ತಗೊಂಡು ಬಂದು ಕೆಲಸ ಹುಡುಕಬಹುದಾ? ಏಜೆಂಟ್ ‘ಗ್ಯಾರಂಟಿ’ ಅನ್ನುತ್ತಿದ್ದಾನೆ.

ಎರಡು ಸಾವಿರದ ಹಳಬ

ಗ್ಯಾರಂಟಿ ಅನ್ನುವವನಿಗೆ ಒಂದು ರೂಪಾಯಿ ಕೊಡಬೇಡಪ್ಪ. ಅರ್ಜಿ ನೀನೇ ಹಾಕಬಹುದು. 2024ರ ಜೂನ್‌ನಿಂದ ಇರುವ ಕಾರ್ಡ್ ಅದು. ಓದು, ಅನುಭವ, ವಯಸ್ಸು, ಭಾಷೆ ಎಲ್ಲ ಸೇರಿ ಆರು ಪಾಯಿಂಟ್ ಆದರೆ ಒಂದು ವರ್ಷ ಇಲ್ಲಿದ್ದು ಕೆಲಸ ಹುಡುಕಬಹುದು. ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ಆದರೆ ಖರ್ಚಿನ ದುಡ್ಡು ಮೊದಲೇ ತೋರಿಸಬೇಕು, 2025ರಲ್ಲಿ ತಿಂಗಳಿಗೆ 1,091 ಯೂರೋ ಲೆಕ್ಕ. ವರ್ಷಕ್ಕೆ ಹದಿಮೂರು ಸಾವಿರ ಯೂರೋ ದಾಟಿತು. ಮನೆ ಅಡವಿಟ್ಟು ಬರುವ ಹಾಗಿದ್ದರೆ ಬರಬೇಡ. ಕಾರು ಕಂಪನಿಗಳು ಈಗ ಜನ ಕಡಿಮೆ ಮಾಡುತ್ತಿವೆ. ಟಿವಿಯಲ್ಲಿ ‘ಕೆಲಸಗಾರರ ಕೊರತೆ’ ಅಂದಾಗ ಅದು ಎಲ್ಲ ಕೆಲಸಕ್ಕೂ ಅಲ್ಲ. ಆಸ್ಪತ್ರೆ, ವೃದ್ಧಾಶ್ರಮ, ಎಲೆಕ್ಟ್ರಿಷಿಯನ್, ಬಸ್ ಡ್ರೈವರ್, ಇವಕ್ಕೆ ಜನ ಬೇಕು.

ಹಾವೇರಿ ಸಿಸ್ಟರ್

ಮುಂದಿನ ಹಂತ ಬಿ2 ಮುಗಿಸಿಕೊಂಡೇ ಬಾ ತಮ್ಮಾ. ಬಿ1ರಲ್ಲಿ ಬಂದರೆ ಫೋನ್ ಎತ್ತೋಕೇ ಭಯ ಆಗುತ್ತೆ. ನನ್ನ ಅನುಭವ.

(1853ರಲ್ಲಿ ಕಿಟ್ಟೆಲ್ ಸಾಹೇಬರು ನಮ್ಮ ಕಡೆ ಬಂದಾಗ ಅವರಿಗೆ ಕನ್ನಡ ಬಿ2 ಸರ್ಟಿಫಿಕೇಟು ಯಾರೂ ಕೇಳಿರಲಿಲ್ಲ. ಬಂದು ಕಲಿತು 1894ಕ್ಕೆ ನಿಘಂಟನ್ನೇ ಅಚ್ಚು ಹಾಕಿಸಿದರು. ಭಾಷಾ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಾಗ ನನಗೆ ಇದೇ ನೆನಪಾಗಿತ್ತು.)

ಧಾರವಾಡ ಮೇಷ್ಟ್ರು

ನೋಡವ್ವಾ ತಂಗಿ, ನಿನ್ನ ಮಾತು ಓದಿದೆ. ನನ್ನದೊಂದು ಬೇರೆ ಪ್ರಶ್ನೆ. ನಿನ್ನನ್ನು ಓದಿಸಿದ್ದು ಇಲ್ಲಿ. ಇಲ್ಲಿನ ತಾಲ್ಲೂಕು ಆಸ್ಪತ್ರೆಗೆ ಹೋದರೆ ಒಬ್ಬ ನರ್ಸ್ ಎಷ್ಟು ಹಾಸಿಗೆ ನೋಡುತ್ತಾಳೆ ಅಂತ ನಿನಗೇ ಗೊತ್ತು. ಜರ್ಮನಿಗೆ ಕೊರತೆ ಅಂತ ನಮ್ಮ ಹುಡುಗಿಯರನ್ನು ಕರೆಸಿಕೊಂಡರೆ ನಮ್ಮ ಕೊರತೆ ಯಾರು ತುಂಬಬೇಕು?

ಹಾವೇರಿ ಸಿಸ್ಟರ್

ಮೇಷ್ಟ್ರೇ, ನೀವು ಕೇಳಿದ್ದು ನ್ಯಾಯ. ಆದರೆ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿದಾಗ ನನ್ನ ಕೈಗೆ ಬರುತ್ತಿದ್ದದ್ದು 11,500 ರೂಪಾಯಿ. ಎರಡು ವರ್ಷ ಬಾಂಡ್ ಬರೆಸಿಕೊಂಡು ಮಾರ್ಕ್ಸ್ ಕಾರ್ಡ್ ಅವರೇ ಇಟ್ಟುಕೊಂಡಿದ್ದರು. 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕೆ ಕಡಿಮೆ ಕೊಡಬಾರದು ಅಂತ 2016ರಲ್ಲೇ, ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಮಾಡಿದ ಸಮಿತಿ ಶಿಫಾರಸು ಮಾಡಿತ್ತು. ಅದು ಕಾಗದದಲ್ಲಿದೆ. ಅಲ್ಲಿ 20,000 ಕೊಟ್ಟಿದ್ದರೆ ನಾನು ಇಲ್ಲಿಗೆ ಬರುತ್ತಿದ್ದೆನಾ? ಗೊತ್ತಿಲ್ಲ, ಪ್ರಾಮಾಣಿಕವಾಗಿ.

ಇಲ್ಲಿ ಬಂದ ಮೇಲೂ ತಕ್ಷಣ ನರ್ಸ್ ಆಗಿಬಿಡಲ್ಲ. ನಿಮ್ಮ ಓದಿನಲ್ಲಿ ಇಂತಿಂಥದ್ದು ಕಮ್ಮಿ ಇದೆ ಅಂತ ಒಂದು ಪತ್ರ ಬರುತ್ತದೆ. ಅದು ತುಂಬುವ ತನಕ ಸಹಾಯಕಿಯ ಸಂಬಳ. ನಾನು ಐಸಿಯುನಲ್ಲಿ ವೆಂಟಿಲೇಟರ್ ನೋಡಿದವಳು, ಇಲ್ಲಿ ಮೊದಲ ದಿನ ಕಲಿತದ್ದು ಅಜ್ಜಿಗೆ ಕಂಪ್ರೆಷನ್ ಸ್ಟಾಕಿಂಗ್ ಹಾಕೋದು. ನಮ್ಮಲ್ಲಿ ಪೇಷೆಂಟ್ ಕಡೆಯವರು ಇರುತ್ತಾರೆ, ಮೈ ಒರೆಸೋದು ಊಟ ಮಾಡಿಸೋದು ಅವರದ್ದೇ. ಇಲ್ಲಿ ‘ಪೇಷೆಂಟ್ ಕಡೆಯವರು’ ಅನ್ನೋದಕ್ಕೆ ಪದವೇ ಇಲ್ಲವೇನೋ ಅನ್ನಿಸಿತು, ಎಲ್ಲ ನರ್ಸೇ ಮಾಡಬೇಕು. ಮೂರು ತಿಂಗಳು ಕೋಪ ಇತ್ತು. ಈಗ ಇಲ್ಲ. ಮೈ ಒರೆಸುವಾಗಲೇ ಬೆನ್ನಿನ ಹುಣ್ಣು ಮೊದಲು ಕಣ್ಣಿಗೆ ಬೀಳೋದು.

ಆ ಸ್ಟಾಕಿಂಗ್ ಬಿಗಿಯಾಗಿ ಎಳೆಯೋದು ಹೇಗೆ ಅಂತ ಕಲಿಸಿಕೊಟ್ಟವನು ಅದೇ ಇರಾಕಿನ ಹುಡುಗ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಹಿಮ್ಮಡಿಯಿಂದ ಮೇಲಕ್ಕೆ ಸವರಬೇಕು, ಸುಕ್ಕು ನಿಲ್ಲಬಾರದು.

ಇನ್ನೊಂದು. ನಮ್ಮೂರಿಂದ ಮುಂಡಗೋಡ ದೂರ ಇಲ್ಲ. ಚಿಕ್ಕವಳಿದ್ದಾಗ ಅಪ್ಪ ಸ್ಕೂಟರಿನಲ್ಲಿ ಟಿಬೆಟ್ ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದರು. ಚಳಿಗಾಲ ಬಂದರೆ ಹುಬ್ಬಳ್ಳಿಯಲ್ಲಿ ಅವರ ಸ್ವೆಟರ್ ಅಂಗಡಿ. ನನ್ನ ಸ್ಕೂಲ್ ಸ್ವೆಟರ್ ಅಲ್ಲಿಯದೇ. ಬೈಲಕುಪ್ಪೆ, ಮುಂಡಗೋಡಗಳಲ್ಲಿ ಅವರಿಗೆ ಜಾಗ ಕೊಟ್ಟು ಅರವತ್ತು ವರ್ಷ ಆಗಿದೆ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿಯೇ ಹಾಕಿಲ್ಲ, ಆದರೂ ಕೊಟ್ಟೆವು. ಅವರು ಯಾವತ್ತೂ ನನಗೆ ‘ನಿರಾಶ್ರಿತರು’ ಅನ್ನಿಸಿರಲಿಲ್ಲ, ಸ್ವೆಟರ್‌ನವರು ಅಷ್ಟೇ.

ಸ್ಟುಟ್‌ಗಾರ್ಟ್ ಗೌಡ

ಅಕ್ಕಾ, ಟಿಬೆಟಿನವರ ಉದಾಹರಣೆ ಇಲ್ಲಿಗೆ ಹೊಂದಲ್ಲ. ಅವರಿಗೆ ಇಂದಿಗೂ ಬಹುಪಾಲು ಜನಕ್ಕೆ ಪೌರತ್ವ ಇಲ್ಲ, ಕಾಗದ ನವೀಕರಿಸುತ್ತಾ ಇರಬೇಕು. ನಾವೇನು ದೊಡ್ಡ ಮನಸ್ಸಿನವರು ಅಂತ ಬೀಗಬೇಕಿಲ್ಲ.

ಹಾವೇರಿ ಸಿಸ್ಟರ್

ಅದು ಒಪ್ಪಿದೆ.

ವಾರ್ಡ್ ಡಾಕ್ಟರ್

ನಾನು ಇಲ್ಲಿ ಆಸ್ಪತ್ರೆಯಲ್ಲಿ ಇದ್ದೇನೆ, ಸಮಯ ಕಡಿಮೆ, ಬೇಗ ಬರೆಯುತ್ತೇನೆ. 2024ರ ಡಿಸೆಂಬರ್ 8ಕ್ಕೆ ಸಿರಿಯಾದಲ್ಲಿ ಅಸ್ಸಾದ್ ಸರ್ಕಾರ ಬಿತ್ತು. ಮರುದಿನವೇ ಇಲ್ಲಿ ಸಿರಿಯಾದವರ ಆಸೈಲಂ ಅರ್ಜಿಗಳ ತೀರ್ಮಾನ ನಿಲ್ಲಿಸಿದರು, ಸುಮಾರು 47,000 ಅರ್ಜಿ. ಅದೇ ದಿನ ಸಿಡಿಯುನ ಯೆನ್ಸ್ ಶ್ಪಾನ್ ಟಿವಿಯಲ್ಲಿ, ವಾಪಸ್ ಹೋಗುವವರಿಗೆ ವಿಮಾನ ಗೊತ್ತುಮಾಡಿ 1,000 ಯೂರೋ ಕೊಟ್ಟರೆ ಹೇಗೆ ಅಂದರು. ಅವರು ಕೋವಿಡ್ ಕಾಲದ ಆರೋಗ್ಯ ಮಂತ್ರಿ! ಇಲ್ಲಿನ ವಿದೇಶಿ ಡಾಕ್ಟರುಗಳಲ್ಲಿ ಸಿರಿಯಾದವರೇ ಮೊದಲ ಸ್ಥಾನ, ಆರು ಸಾವಿರದ ಹತ್ತಿರ. ಸಣ್ಣ ಊರಿನ ಆಸ್ಪತ್ರೆಗಳ ಕೆಲವು ವಿಭಾಗ ಅವರಿಲ್ಲದೆ ನಡೆಯಲ್ಲ. ಎರಡೇ ದಿನಕ್ಕೆ ಆಸ್ಪತ್ರೆಗಳ ಒಕ್ಕೂಟದವರು ‘ದಯವಿಟ್ಟು ಸುಮ್ಮನಿರಿ’ ಅನ್ನುವ ಹಾಗೆ ಹೇಳಿಕೆ ಕೊಡಬೇಕಾಯ್ತು.

ಮತ್ತೆ ಗೌಡ್ರು ಹೇಳಿದ 2015ರವರ ಲೆಕ್ಕ. ಉದ್ಯೋಗ ಸಂಶೋಧನೆ ಮಾಡುವ ಇಲ್ಲಿನ ಸರ್ಕಾರಿ ಸಂಸ್ಥೆ ಐಎಬಿ ಪ್ರಕಾರ ಆ ವರ್ಷ ಬಂದವರಲ್ಲಿ 2024ರ ಹೊತ್ತಿಗೆ ಶೇ 64 ಜನ ಕೆಲಸದಲ್ಲಿದ್ದರು. ಇಡೀ ದೇಶದ ಸರಾಸರಿ ಶೇ 70. ಗಂಡಸರು ಇಲ್ಲಿನ ಗಂಡಸರ ಸರಾಸರಿಯನ್ನೂ ಸ್ವಲ್ಪ ದಾಟಿದ್ದರು. ಹೆಂಗಸರು ಶೇ 35ರಲ್ಲೇ ಇದ್ದರು, ಅದು ನಿಜವಾದ ಸೋಲು, ಅದರ ಬಗ್ಗೆ ಯಾರೂ ಮಾತಾಡಲ್ಲ.

ಸ್ಟುಟ್‌ಗಾರ್ಟ್ ಗೌಡ

ಡಾಕ್ಟ್ರೇ, ಅಂಕಿ ಒಪ್ಪುತ್ತೇನೆ. ಆದರೆ ಆ 64ಕ್ಕೆ ಮುಟ್ಟಲು ಒಂಬತ್ತು ವರ್ಷ ಹಿಡಿಯಿತು ಅನ್ನೋದೂ ಸೇರಿಸಿ ಹೇಳಿ.

ಹೆಂಗಸರ ಮಾತು ಬಂತು ಅಂತ ನನ್ನ ಮನೆಯದ್ದೇ ಹೇಳುತ್ತೇನೆ. ನನ್ನ ಹೆಂಡತಿ ಡೆಂಟಿಸ್ಟ್. ದಾವಣಗೆರೆಯಲ್ಲಿ ಓದಿ ಐದು ವರ್ಷ ಸ್ವಂತ ಕ್ಲಿನಿಕ್ ನಡೆಸಿದವಳು. ಇಲ್ಲಿ ಬಂದು ಎರಡೂವರೆ ವರ್ಷ. ಮೊದಲು ಭಾಷೆ, ಆಮೇಲೆ ವೈದ್ಯಕೀಯ ಭಾಷೆಯ ಪರೀಕ್ಷೆ, ಆಮೇಲೆ ಜ್ಞಾನದ ಪರೀಕ್ಷೆ. ಎಲ್ಲ ಸರ್ಟಿಫಿಕೇಟಿಗೂ ಅನುವಾದ, ಅದಕ್ಕೊಂದು ಸೀಲು. ಕಾಲೇಜಿನಿಂದ ಸಿಲಬಸ್ ತರಿಸಿ ಅಂದರು, ಗಂಟೆ ಲೆಕ್ಕದ ಸಮೇತ. 400 ಪುಟ ಅನುವಾದಕ್ಕೆ ಎಷ್ಟಾಯ್ತು ಅಂತ ಕೇಳಬೇಡಿ. ಪತ್ರ ಹಾಕಿದರೆ ಆರು ತಿಂಗಳಿಗೆ ಉತ್ತರ, ಅದರಲ್ಲೂ ‘ಇನ್ನೊಂದು ದಾಖಲೆ ಕಳಿಸಿ’. ಈಗ ಬೆಳಗ್ಗೆ ಐದೂವರೆಗೆ ಎದ್ದು ಬೇಕರಿಯಲ್ಲಿ ಬ್ರೆಟ್ಸೆಲ್ ಮಾರುತ್ತಾಳೆ. ನಮ್ಮ ಏರಿಯಾದಲ್ಲಿ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಬೇಕಾದರೆ ಎರಡು ತಿಂಗಳು ಕಾಯಬೇಕು. ಬೇಕರಿಗೆ ಬರುವ ಒಬ್ಬ ಮುದುಕ ಹಲ್ಲು ನೋವು ಅಂತ ಮೆತ್ತಗಿನ ಬನ್ ಕೇಳಿದರಂತೆ. ಅವಳು ಬಾಯಿ ತೆರೆಸಿ ನೋಡಲಿಲ್ಲ ಅಷ್ಟೇ, ಯಾವ ಹಲ್ಲು ಅಂತ ಗೊತ್ತಾಯ್ತು ಅಂದಳು.

ಇದಕ್ಕೆ ಆಸೈಲಂನವರು ಕಾರಣ ಅಂತ ನಾನು ಹೇಳುತ್ತಿಲ್ಲ.

ಹಾವೇರಿ ಸಿಸ್ಟರ್

ಗೌಡ್ರೇ, ಇಷ್ಟೊತ್ತು ನಾನು ಹೇಳಲು ತಿಣುಕಾಡಿದ್ದು ಇದನ್ನೇ! ಜನ ಇಲ್ಲ ಅಂತ ಹೇಳುತ್ತಾರಲ್ಲ, ಜನ ಇದ್ದಾರೆ. ನಿಮ್ಮ ಮನೆಯವರು ಬೇಕರಿಯಲ್ಲಿ ಇದ್ದಾರೆ, ನಮ್ಮ ಹುಡುಗ ಕೆಂಪು ಗೆರೆಯ ಕಾಗದದ ಕೆಳಗೆ ಇದ್ದಾನೆ, ನಾನು ಒಂದೂವರೆ ವರ್ಷ ಸಹಾಯಕಿಯಾಗಿ ಇದ್ದೆ. 2049ಕ್ಕೆ ಈ ದೇಶಕ್ಕೆ ಕಡಿಮೆ ಅಂದರೆ 2.8 ಲಕ್ಷ, ಜಾಸ್ತಿ ಅಂದರೆ 6.9 ಲಕ್ಷ ನರ್ಸಿಂಗ್ ಜನ ಕೊರತೆ ಬೀಳುತ್ತದೆ ಅಂತ ಅವರ ಅಂಕಿಅಂಶ ಇಲಾಖೆಯೇ ಹೇಳಿದೆ. ಆ ಇಲಾಖೆ ಪಕ್ಕದ ಇಲಾಖೆಗೆ ಒಂದು ಫೋನ್ ಮಾಡಬಾರದಾ?

ಎರಡು ಸಾವಿರದ ಹಳಬ

ಫೋನ್ ಅಲ್ಲಮ್ಮಾ, ಫ್ಯಾಕ್ಸ್ ಮಾಡಬೇಕು.

ತಮಾಷೆ ಬಿಡು. ಆಸೈಲಂನಿಂದ ಕೆಲಸದ ಪರ್ಮಿಟ್‌ಗೆ ದಾಟಲು ಒಂದು ಸಣ್ಣ ದಾರಿ ಇದೆ, ಇಲ್ಲಿ ‘ಹಳಿ ಬದಲಿಸೋದು’ ಅನ್ನುತ್ತಾರೆ. 2023ರ ಮಾರ್ಚ್ 29ಕ್ಕೆ ಮೊದಲು ಇಲ್ಲಿಗೆ ಬಂದು, ಅರ್ಜಿ ಇನ್ನೂ ತೀರ್ಮಾನ ಆಗದೇ ಇದ್ದರೆ ಮಾತ್ರ, ಅದೂ ಓದಿಗೆ ಮಾನ್ಯತೆ ಇದ್ದರೆ. ನಿಮ್ಮ ಹುಡುಗನಿಗೆ ಅದು ಆಗಲ್ಲ, ತೀರ್ಮಾನ ಆಗಿಹೋಗಿದೆ. ಅವನಿಗೆ ಮುಖ್ಯವಾಗಿ ಇರೋದು ತರಬೇತಿಯ ದಾರಿ. ಅದಕ್ಕೆ ಗುರುತು ಸಾಬೀತು ಮಾಡಬೇಕು, ಅಥವಾ ಮಾಡಲು ತನ್ನ ಕೈಲಾದದ್ದೆಲ್ಲ ಮಾಡಿದ್ದೇನೆ ಅಂತ ತೋರಿಸಬೇಕು. ಈ ‘ಕೈಲಾದದ್ದು’ ಮುಖ್ಯ. ಇರಾಕಿನ ಕಾನ್ಸುಲೇಟ್ ಫ್ರಾಂಕ್‌ಫರ್ಟಿನಲ್ಲಿದೆ. ಹೋದ ರೈಲು ಟಿಕೆಟ್ ಇಟ್ಟುಕೊಳ್ಳಲಿ. ಕಳಿಸಿದ ಪ್ರತಿ ಮೇಲ್ ಪ್ರಿಂಟ್ ಮಾಡಿಸಲಿ. ಅವರು ‘ಆಗಲ್ಲ’ ಅಂದರೆ ಅದನ್ನೇ ಬರೆದು ಕೊಡಿ ಅನ್ನಲಿ. ಎಲ್ಲ ಒಂದು ಫೈಲಿನಲ್ಲಿ, ತಾರೀಖಿನ ಪ್ರಕಾರ. ಜರ್ಮನರ ಮುಂದೆ ದಪ್ಪ ಫೈಲ್ ಇಟ್ಟರೆ ಅರ್ಧ ಮರ್ಯಾದೆ ತಾನಾಗಿ ಬರುತ್ತೆ.

ಅದೂ ಆಗದಿದ್ದರೆ ರಾಜ್ಯದ ‘ಹೆರ್ಟೆಫಾಲ್’ ಸಮಿತಿ ಇದೆ, ಕಷ್ಟದ ಪ್ರಕರಣ ನೋಡುವವರು. ಚರ್ಚ್‌ಗಳು ನಡೆಸುವ ಸಲಹಾ ಕೇಂದ್ರದಲ್ಲಿ ದುಡ್ಡಿಲ್ಲದೆ ದಾರಿ ಹೇಳುತ್ತಾರೆ. ಆಶ್ರಮದ ಮ್ಯಾನೇಜರ್ ಕೈಲಿ ಒಂದು ಪತ್ರ ಬರೆಸಿ, ಅಲ್ಲಿರುವ ಅಜ್ಜ ಅಜ್ಜಿಯರ ಮನೆಯವರ ಸಹಿ ಹಾಕಿಸಿ.

ಧಾರವಾಡ ಮೇಷ್ಟ್ರು

ಆ ಹುಡುಗನ ಅರ್ಜಿ ತಿರಸ್ಕಾರ ಮಾಡಲು ಎಷ್ಟು ವರ್ಷ ತಗೊಂಡರು ತಂಗಿ?

ಹಾವೇರಿ ಸಿಸ್ಟರ್

ಕೋರ್ಟೂ ಸೇರಿ ನಾಲ್ಕು ವರ್ಷ ಮೇಷ್ಟ್ರೇ. ಬಂದಾಗ ಹದಿನೆಂಟು ಅವನಿಗೆ.

ಸ್ಟುಟ್‌ಗಾರ್ಟ್ ಗೌಡ

ಇಲ್ಲ ಅನ್ನೋದಾದರೆ ಆರು ತಿಂಗಳಲ್ಲಿ ಇಲ್ಲ ಅನ್ನಬೇಕು. ನಾಲ್ಕು ವರ್ಷ ಇಟ್ಟುಕೊಂಡು, ಭಾಷೆ ಕಲಿಸಿ, ಡ್ಯೂಟಿ ಹಾಕಿಸಿಕೊಂಡು ಆಮೇಲೆ ಅಲ್ಲ. ನಾನು ಗಡಿ ಬಿಗಿ ಇರಬೇಕು ಅನ್ನುವವನೇ, ಇವತ್ತೂ. ಆದರೆ ಇದು ಬಿಗಿ ಅಲ್ಲ, ಸೋಮಾರಿತನ. ಸಹಿ ಸಂಗ್ರಹ ಮಾಡಿದರೆ ಇಲ್ಲಿ ಹಾಕಿ, ನಾನೂ ಮಾಡುತ್ತೇನೆ.

ಹಾವೇರಿ ಸಿಸ್ಟರ್ (ಮೂರು ವಾರದ ಮೇಲೆ)

ಸುದ್ದಿ ಕೇಳಿದ್ದಿರಿ ಅಂತ ಬರೆಯುತ್ತಿದ್ದೇನೆ. ಅವನು ಫ್ರಾಂಕ್‌ಫರ್ಟಿಗೆ ಹೋಗಿ ಬಂದ. ಅಪ್ಪನ ಗುರುತಿನ ಚೀಟಿಯ ಮೂಲ ಪ್ರತಿ ಬೇಕಂತೆ, ಅದು ಊರಲ್ಲಿ ಚಿಕ್ಕಪ್ಪನ ಹತ್ತಿರ ಇದೆಯಂತೆ, ಕಳಿಸುತ್ತಾರಂತೆ. ಟಿಕೆಟ್ ಇಟ್ಟುಕೊಂಡಿದ್ದಾನೆ. ಫೈಲ್ ನಾನೇ ತಂದುಕೊಟ್ಟೆ, ಹಸಿರು ಬಣ್ಣದ್ದು. 14ನೇ ರೂಮಿನ ಅಜ್ಜಿಯ ಮಗ ಸಹಿ ಹಾಕಿದರು. ಅವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ ಅಂತ ನಮಗೆಲ್ಲ ಗೊತ್ತು, ಕಾರಿನ ಹಿಂದೆ ಸ್ಟಿಕರ್ ಇದೆ. ಏನೂ ಮಾತಾಡದೆ ಸಹಿ ಹಾಕಿ ಪೆನ್ನು ವಾಪಸ್ ಕೊಟ್ಟರು.

ಕಚೇರಿಯಲ್ಲಿ ಅವನ ಡುಲ್ಡುಂಗ್ ಮೂರು ತಿಂಗಳು ಮುಂದಕ್ಕೆ ಹಾಕಿದ್ದಾರೆ. ನನ್ನ ಕಾರ್ಡ್ ಕೊನೆಗೂ ಬಂತು. ಕಟ್ಟುಕತೆ ಮುಗೀತು ಅಂತ ಅಮ್ಮನಿಗೆ ಹೇಳಿದೆ.

ಗೌಡ್ರೇ, ನಿಮ್ಮ ಮನೆಯವರ ಪರೀಕ್ಷೆ ಯಾವಾಗ?

ಸ್ಟುಟ್‌ಗಾರ್ಟ್ ಗೌಡ

ಮಾರ್ಚ್ ಅಂತ ಹೇಳಿದ್ದರು ಅಕ್ಕಾ. ತಾರೀಖು ಇನ್ನೂ ಕೊಟ್ಟಿಲ್ಲ. ನಿನ್ನೆ ಮತ್ತೆ ಪತ್ರ ಬಂದಿದೆ, ಮದುವೆ ಸರ್ಟಿಫಿಕೇಟಿನ ಅನುವಾದದಲ್ಲಿ ಅವಳ ಹೆಸರಿಗೆ ಒಂದು ‘ಎಚ್’ ಜಾಸ್ತಿ ಇದೆಯಂತೆ.